ಪ್ರಬಳಮಾಚಿಯಿಂದ ನೆರೂಳಿನ ಕೆರೆಗೆ



ನವಿ ಮುಂಬಯಿಯ ನೆರೂಳಿನ ಮನೆಗಳಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಮೋರ್ಬೆ ಅಣೆಕಟ್ಟಿನ ನೀರು. ಖಾಲಾಪುರ ತಾಲ್ಲೂಕಿನಲ್ಲಿ, ಮಾಥೇರಾನ್ ಬೆಟ್ಟಸಾಲಿನ ಬುಡದಲ್ಲಿ, ಧಾವರಿ ಎಂಬ ಸಣ್ಣ ನದಿಗೆ ಕಟ್ಟಿದ ಅಣೆ ಅದು. ಅಲ್ಲಿಂದ ಭೋಕರಪಾಡೆಗೆ ಬಂದು ಶುದ್ಧವಾಗಿ, ದೊಡ್ಡ ಕೊಳವೆಗಳಲ್ಲಿ ಹರಿದು ನಮ್ಮ ಸೊಸೈಟಿಗಳ ತೊಟ್ಟಿ ಸೇರುತ್ತದೆ. ನಮ್ಮ ಮಹಾನಗರಪಾಲಿಕೆಗೆ ಸ್ವಂತ ಅಣೆಕಟ್ಟಿದೆ ಎಂದು ನವಿ ಮುಂಬಯಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಬೇಕಾದದ್ದೇ. ಆದರೆ ಆ ನೀರು ಯಾವ ಬೆಟ್ಟದ್ದು, ಆ ಬೆಟ್ಟದಲ್ಲಿ ಯಾರಿದ್ದಾರೆ, ನಮ್ಮ ಮನೆಯಿಂದ ಹೊರಬಿದ್ದ ಮೇಲೆ ಅದು ಎಲ್ಲಿ ಹೋಗಿ ಸೇರುತ್ತದೆ ಎಂಬುದನ್ನು ಇಲ್ಲೇ ಮಕ್ಕಳು ಮೊಮ್ಮಕ್ಕಳನ್ನು ಕಂಡವರೂ ಹೋಗಿ ನೋಡಿರುವುದು ಕಡಿಮೆ. ಈ ಸಲದ ರಥಸಪ್ತಮಿ ಭಾನುವಾರ ಬಂದಿತ್ತು. ಹಿಂದಿನ ದಿನವೇ ಹೊರಟು, ನಾವು ನಾಲ್ವರು ಗೆಳತಿಯರು ಆ ಬೆಟ್ಟಸಾಲಿನ ಪ್ರಬಳಮಾಚಿಯಲ್ಲಿ ಟೆಂಟಿನಲ್ಲಿ ಮಲಗಿದೆವು. ಮರುದಿನ ಮುಂಬಯಿಗೆ ಹೋಗಿ ಮಾಟುಂಗಾದಲ್ಲಿ ಉಂಡು, ಸಂಜೆಗೆ ನೆರೂಳಿನ ಕೆರೆಯ ದಂಡೆಗೆ ಬಂದೆವು. ಆ ತಿರುಗಾಟದ ಮಾತನ್ನೇ ಇವತ್ತು ಆಡಬೇಕೆಂದಿದ್ದೇನೆ.

ನಮ್ಮನ್ನು ಒಟ್ಟುಗೂಡಿಸಿದ್ದು ಮುಂಬಯಿ ಲೋಕಲ್ ರೈಲಿನ ಹಾರ್ಬರ್ ಲೈನಿನ ಲೇಡೀಸ್ ಡಬ್ಬ. ಮುಂಬಯಿಗೂ ನಮಗೂ ನಡುವಿನ ಕಡಲ ಚಾಚಾದ ಠಾಣೆ ಖಾಡಿಯ ಮೇಲೆ ವಾಶಿಗೆ ಮೊದಲ ರಸ್ತೆ ಸೇತುವೆ ಆದದ್ದು 1973ರಲ್ಲಿ. ರೈಲು ಖಾಡಿ ದಾಟಿ ವಾಶಿಗೆ ಬರಬೇಕಾದರೆ 1992 ಆಯಿತು. ಮರುವರ್ಷ ನೆರೂಳಿಗೂ ಬಂತು. ಮಾಟುಂಗಾ, ಸಯನ್, ಕುರ್ಲಾಗಳ ಒಂದು ಖೋಲಿಯ ಮನೆಗಳಲ್ಲಿ ಇಕ್ಕಟ್ಟಾಗಿದ್ದ ನಮ್ಮವರು ಹೊಸ ನಗರ ಕಟ್ಟುತ್ತಿದ್ದ ಸಿಡ್ಕೋ ಸಂಸ್ಥೆಯ ಮನೆಗಳನ್ನು ಹುಡುಕಿಕೊಂಡು ಖಾಡಿಯ ಈಚೆಗೆ ಬಂದದ್ದು ಹೆಚ್ಚುಕಡಿಮೆ ಆ ಕಾಲದಲ್ಲೇ. ಆಗ ಇಲ್ಲಿ ನೆಂಟರಿಲ್ಲ, ನೆರೆಹೊರೆಯ ಗುರುತಿಲ್ಲ. ಇದ್ದದ್ದು ಬೆಳಗಿನ ಲೋಕಲ್ಲು. ಮೂವರ ಬೆಂಚಿನಲ್ಲಿ ಸರಿದುಕೊಂಡು ಕೊಡುವ ನಾಲ್ಕನೇ ಸೀಟಿನಲ್ಲಿ ಕೂತು ಬೆಳೆದ ಸ್ನೇಹ ನಮ್ಮದು. ದಸರೆಯ ಹಿಂದಿನ ದಿನ ಡಬ್ಬಕ್ಕೆ ಚೆಂಡುಹೂವಿನ ಮಾಲೆ ಕಟ್ಟಿ ಆರತಿ ಎತ್ತಿದ್ದೇವೆ, ಒಬ್ಬರ ಬಾಣಂತನಕ್ಕೆ ಇನ್ನೊಬ್ಬರು ಅಂಟಿನುಂಡೆ ಕಟ್ಟಿ ತಂದಿದ್ದೇವೆ, ಅಮ್ಮ ತೀರಿಕೊಂಡ ಸುದ್ದಿಯನ್ನು ಮಾನಖುರ್ದ್ ದಾಟುವಾಗ ಒಬ್ಬರ ಹೆಗಲ ಮೇಲೊಬ್ಬರು ಅತ್ತು ಹೇಳಿಕೊಂಡಿದ್ದೇವೆ. ಇಂಥವರಿಗೆ ಗೆಳತಿ ಎನ್ನದೆ ಇನ್ನೇನೆನ್ನಲಿ?

ಒಬ್ಬರು ವಿಜಯಪುರದ ಕಡೆಯವರು, ಶಾಲೆಯಲ್ಲಿ ಕಲಿಸುತ್ತಿದ್ದವರು. ನಮಗೆಲ್ಲ ಅವರು ಟೀಚರ್. ಇನ್ನೊಬ್ಬರು ಹೊನ್ನಾವರದವರು, ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸ್, ಆದ್ದರಿಂದ ಸಿಸ್ಟರ್. ಮತ್ತೊಬ್ಬರು ಮಲ್ಪೆಯ ಮೊಗವೀರರ ಮನೆಯವರು, ಬ್ಯಾಂಕಿನಿಂದ ನಿವೃತ್ತರಾದವರು, ಬ್ಯಾಂಕ್ ಅಕ್ಕ. ನಾನು ಸಾಗರ ತಾಲ್ಲೂಕಿನವಳು. ನಾಲ್ಕು ಊರಿನ ನಾಲ್ಕು ಕನ್ನಡ ಒಂದೇ ಬೆಂಚಿನ ಮೇಲೆ ಕೂತು ಕೂತು ಈಗ ಒಬ್ಬರ ಮಾತು ಇನ್ನೊಬ್ಬರ ಬಾಯಲ್ಲಿ ಬರುತ್ತದೆ.

ಪ್ರಬಳಮಾಚಿಗೆ ಹೋಗಬೇಕಾದರೆ ಪನವೇಲಿನಲ್ಲಿ ಇಳಿದು, ಹಳೆಯ ಪುಣೆ ರಸ್ತೆಯಲ್ಲಿ ಶೇಡುಂಗ ಫಾಟಾ ಮೇಲೆ ಹಾದು ಠಾಕೂರವಾಡಿ ಎಂಬ ಹಳ್ಳಿ ಮುಟ್ಟಬೇಕು. ಅಲ್ಲಿಂದ ಮೇಲೆ ನಡಿಗೆಯೇ. ಹರೆಯದವರು ಒಂದೂವರೆ, ಎರಡು ಗಂಟೆಯಲ್ಲಿ ಮಾಚಿಗೆ ಹತ್ತುತ್ತಾರೆ. ನಾವು ಮಧ್ಯಾಹ್ನದಿಂದ ಸಂಜೆಯವರೆಗೆ ಹತ್ತಿದೆವು. “ನಿಧಾನಕ್ಕೆ ಹತ್ತುವಾ, ಗಡಿಬಿಡಿ ಎಂತಕ್ಕೆ?” ಎಂದು ಸಿಸ್ಟರ್ ತಿರುವಿಗೊಮ್ಮೆ ಎಲ್ಲರನ್ನೂ ಕೂರಿಸಿ, ಓಆರ್‌ಎಸ್ ಬೆರೆಸಿದ ನೀರು ಎರಡೆರಡು ಗುಟುಕು ಕುಡಿಸಿದರು. ವಯಸ್ಸಾದ ಮೇಲೆ ಬೆಟ್ಟ ಹತ್ತಬಾರದು ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಜೊತೆಗಿರುವವರು ನಿಮಗಾಗಿ ನಿಲ್ಲುವವರಾದರೆ ಹತ್ತಿ.

ದಾರಿಯ ನಡುವೆ ಬಂಡೆಯಲ್ಲಿ ಕೆತ್ತಿದ ಗಣಪತಿ, ಮಾರುತಿ ಇದ್ದಾರೆ, ಸಿಂಧೂರ ಬಳಿದುಕೊಂಡು. ಟೀಚರ್ ಅಲ್ಲಿ ಕೈಮುಗಿದವರು ಪಕ್ಕದ ಬಂಡೆಯನ್ನು ಅಂಗೈಯಿಂದ ಸವರಿದರು. “ಅಕ್ಕಾರ, ಇದು ನಮ್ಮ ಗೋಳಗುಮ್ಮಟದ ಕಲ್ಲ ಐತಿ ನೋಡ್ರಿ” ಎಂದರು. ಅವರ ಮಾತು ನಿಜ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾ ಹಾಳೆಹಾಳೆಯಾಗಿ ಹರಿದು ತಣಿದದ್ದೇ ಈ ಸಹ್ಯಾದ್ರಿಯ ಕರಿಕಲ್ಲು. ಅದೇ ಹಾಸು ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನ ನೆಲದಡಿಗೂ ಹಬ್ಬಿದೆ. 1656ರಲ್ಲಿ ಮುಗಿದ ಗೋಳಗುಮ್ಮಟ ನಿಂತಿರುವುದೂ ಆ ಕಲ್ಲಿನಿಂದಲೇ. ಊರು ಬಿಟ್ಟು ಬಂದೆ ಎಂದು ಮೂವತ್ತು ವರ್ಷ ಕೊರಗಿದ ಟೀಚರ್ ಆ ಬಂಡೆಗೆ ಬೆನ್ನು ಕೊಟ್ಟು ಬಹಳ ಹೊತ್ತು ಕೂತಿದ್ದರು. ಯಾರೂ ಅವರನ್ನು ಅವಸರ ಮಾಡಲಿಲ್ಲ.

ಮಾಚಿ ಎಂದರೆ ಕೋಟೆಯ ಶಿಖರಕ್ಕಿಂತ ಕೆಳಗಿನ ಹರವಾದ ಮಟ್ಟ. ಹಿಂದೆ ಪ್ರಬಳಗಡ ಕೋಟೆಯ ಗೋಡೆಯಂಥ ಕಡಿದಾದ ಬಂಡೆ, ಪಕ್ಕದಲ್ಲಿ ಕಲಾವಂತೀಣದ ಕೋಡು. ಕೋಡಿಗೆ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳಿವೆ, ಹಿಡಿದುಕೊಳ್ಳಲು ಏನೂ ಇಲ್ಲ. ನಾವು ಅದರ ತಂಟೆಗೆ ಹೋಗಲಿಲ್ಲ. 1665ರ ಪುರಂದರ ಒಪ್ಪಂದದಲ್ಲಿ ಶಿವಾಜಿ ಮಹಾರಾಜರು ಮೊಗಲರಿಗೆ ಬಿಟ್ಟುಕೊಟ್ಟ 23 ಕೋಟೆಗಳಲ್ಲಿ ಪ್ರಬಳಗಡವೂ ಒಂದು. ಈಗ ಮಾಚಿಯಲ್ಲಿರುವುದು ಠಾಕರ ಆದಿವಾಸಿಗಳ ಕೆಲವು ಮನೆಗಳು. ವಾರದ ಕೊನೆಗೆ ಬರುವ ಚಾರಣಿಗರಿಗೆ ಟೆಂಟು, ಊಟ ಕೊಟ್ಟು ಅವರು ನಾಲ್ಕು ಕಾಸು ಕಾಣುತ್ತಾರೆ.

ನಾವು ಇಳಿದುಕೊಂಡ ಮನೆಯ ಯಜಮಾನಿಯನ್ನು ತಾಯಿ ಎಂದೇ ಕರೆದೆವು. ವಯಸ್ಸಿನಲ್ಲಿ ನಮಗಿಂತ ಕಿರಿಯಳು. ಅವಳ ಮನೆಯ ಗೋಡೆ ಕಾರ್ವಿಯದು. ಎಂಟು ವರ್ಷಕ್ಕೊಮ್ಮೆ ಬೆಟ್ಟವಿಡೀ ನೀಲಿಯಾಗಿ ಅರಳುವ ಗಿಡ ಅದು, ನಮ್ಮ ಮಲೆನಾಡಿನ ಗುರಿಗೆಯ ಜಾತಿಯದೇ. ಅದರ ನೆಟ್ಟನೆಯ ಕಡ್ಡಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಅಡ್ಡ ಬಿಗಿದು, ಮೇಲೆ ಮಣ್ಣು ಸಗಣಿ ಮೆತ್ತಿದ್ದರು. ಒಂದು ಕಡೆ ಮೆತ್ತು ಉದುರಿದ್ದಲ್ಲಿ ಕಡ್ಡಿಗಳ ಸಂದಿನಿಂದ ಒಲೆಯ ಬೆಂಕಿ ಎಳೆಎಳೆಯಾಗಿ ಹೊರಗೆ ಕಾಣುತ್ತಿತ್ತು. ಒಳಗೆ ತಾಯಿ ಅಕ್ಕಿಹಿಟ್ಟಿನ ಭಾಕ್ರಿಯನ್ನು ಅಂಗೈಯಲ್ಲಿ ತಿರುವುತ್ತ ತಟ್ಟುತ್ತಿದ್ದಳು. ಜೊತೆಗೆ ಪಿಠಲೆ, ಹಸಿಮೆಣಸಿನ ಠೇಚಾ. ಟೀಚರ್ ತಮ್ಮ ಚೀಲದಿಂದ ಶೇಂಗಾ ಚಟ್ನಿ, ಖಡಕ್ ಜೋಳದ ರೊಟ್ಟಿ ತೆಗೆದರು. ತಾಯಿ ರೊಟ್ಟಿಯನ್ನು ಬೆಳಕಿಗೆ ಹಿಡಿದು, ಇಷ್ಟು ತೆಳ್ಳಗೆ ಹೇಗೆ ಬಡಿಯುತ್ತೀರಿ ಎಂದು ಮರಾಠಿಯಲ್ಲಿ ಕೇಳಿದಳು. ಟೀಚರ್ ಒಲೆಯ ಮುಂದೆ ಕೂತು ತೋರಿಸಿಯೇ ಕೊಟ್ಟರು. ಅಕ್ಕಿಹಿಟ್ಟು ಜೋಳದ ಮಾತು ಕೇಳಲಿಲ್ಲ, ಅಂಚು ಒಡೆಯಿತು. ಒಡೆದ ರೊಟ್ಟಿಯನ್ನೂ ಎಲ್ಲರೂ ಹಂಚಿಕೊಂಡು ತಿಂದೆವು.

ಟೆಂಟುಗಳನ್ನು ಪ್ರಪಾತದ ಅಂಚಿನಿಂದ ದೂರ ಹಾಕಿದ್ದರು. ಎರಡು ಬಾಗುಕೋಲು ಅಡ್ಡಡ್ಡ ದಾಟಿಸಿ ನಿಲ್ಲಿಸುವ ಸಣ್ಣ ಗೂಡು. ನೆಲ ಕಲ್ಲು, ಆದ್ದರಿಂದ ಗೂಟಕ್ಕೆ ಬದಲು ಹಗ್ಗದ ತುದಿಗೆ ಗುಂಡುಕಲ್ಲು ಕಟ್ಟುತ್ತಾರೆ. ಕತ್ತಲಾದ ಮೇಲೆ ಪಡುವಣಕ್ಕೆ ಊರು ಹೊತ್ತಿಕೊಂಡಿತು. ಪನವೇಲ್, ಕಾಮೋಠೆ, ಖಾರಘರ್, ಎಕ್ಸ್‌ಪ್ರೆಸ್ ವೇಯ ಕೆಂಪು ಬಿಳಿ ಎರಡು ಸಾಲು. 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಹೊಸ ವಿಮಾನ ನಿಲ್ದಾಣದ ಕಡೆಗೆ ಒಂದೊಂದಾಗಿ ಇಳಿಯುವ ದೀಪಗಳು. ಅದರಾಚೆ ಎಲ್ಲೋ ನಮ್ಮ ನೆರೂಳು. “ಎಂಥದು ಮಾರಾಯ್ತಿ, ಇಷ್ಟು ದೊಡ್ಡ ಊರಾ ನಮ್ಮದು?” ಎಂದರು ಬ್ಯಾಂಕ್ ಅಕ್ಕ. ಅವರು ಬಂದಾಗ ಪಾಮ್ ಬೀಚ್ ರಸ್ತೆಯಿರಲಿಲ್ಲ. ನೆರೂಳ, ಕರಾವೆ, ದಾರಾವೆ, ಸಾರಸೋಳೆ, ಶಿರವಣೆ ಎಂಬ ಆಗ್ರಿ, ಕೋಳಿ ಜನರ ಹಳ್ಳಿಗಳ ಗದ್ದೆಗೂ ಉಪ್ಪಿನಗದ್ದೆಗೂ ನಡುವೆ ಸಿಡ್ಕೋದ ಕಟ್ಟಡಗಳು ಬಿಡಿಬಿಡಿಯಾಗಿ ನಿಂತಿದ್ದವು. 1970ರಲ್ಲಿ ಸಿಡ್ಕೋ ಹುಟ್ಟಿದಾಗ ಹೊಸ ನಗರಕ್ಕೆಂದು ಗುರುತು ಮಾಡಿದ್ದು 95 ಹಳ್ಳಿಗಳ ನೆಲವನ್ನು. ಆ ಹಳ್ಳಿಗರು ನೆಲದ ಬೆಲೆಗಾಗಿ ಹೋರಾಡಿ 1984ರ ಜನವರಿಯಲ್ಲಿ ಉರಣದ ಕಡೆ ಗುಂಡೇಟಿಗೆ ಐವರನ್ನು ಕಳೆದುಕೊಂಡರು. ಆ ಹೋರಾಟದ ಮುಂದಾಳು ದಿ. ಬಾ. ಪಾಟೀಲರ ಹೆಸರನ್ನೇ ವಿಮಾನ ನಿಲ್ದಾಣಕ್ಕೆ ಇಡಬೇಕೆಂದು ಜನ ಹಟ ಹಿಡಿದದ್ದರಲ್ಲಿ ನ್ಯಾಯವಿದೆ.

ಆಚೆ ಟೆಂಟುಗಳ ಹುಡುಗರು ಸ್ಪೀಕರ್ ಹಚ್ಚಿ ಕುಣಿಯುತ್ತಿದ್ದರು. ಸಿಸ್ಟರ್ ಎದ್ದುಹೋಗಿ, ಗದರದೆ, ಈ ಮನೆಯಲ್ಲಿ ಬೆಳಗ್ಗೆ ನಾಲ್ಕಕ್ಕೆ ಏಳುವ ಹೆಂಗಸಿದ್ದಾಳೆ, ನಾಳೆ ನಿಮಗೆ ಪೋಹೆ ಮಾಡಬೇಕಾದವಳು ಅವಳೇ ಎಂದು ಹೇಳಿ ಬಂದರು. ಸದ್ದು ನಿಂತಿತು. ಹುಡುಗರಲ್ಲೊಬ್ಬ ಕ್ಷಮೆ ಕೇಳಿಕೊಂಡು ಬಂದು ನಮ್ಮ ಜೊತೆ ಕೂತ. ಷಷ್ಠಿಯ ಚಂದ್ರ ನಡುರಾತ್ರಿಗೆ ಮುಂಚೆ ಮುಳುಗಿದ ಮೇಲೆ ನಕ್ಷತ್ರ ಎದ್ದವು. ಟೀಚರ್ ಟೆಂಟಿನ ಒಳಗೆ ಹೋಗಲೇ ಇಲ್ಲ. ಜೋಳದ ರಾಶಿ ಕಾಯಲು ಅಪ್ಪನ ಜೊತೆ ಕಣದಲ್ಲಿ ಮಲಗುತ್ತಿದ್ದ ದಿನಗಳ ಕತೆ ಹೇಳುತ್ತ, ಮೂಗಿನವರೆಗೆ ಕಂಬಳಿ ಹೊದ್ದು, ಬಯಲಲ್ಲೇ ನಿದ್ದೆ ಹೋದರು.

ಮಾತಿನ ನಡುವೆ ತಾಯಿ ಕತ್ತಲಲ್ಲಿ ಕೈಚಾಚಿ ಆ ಬೆಟ್ಟದ ಆ ಕಡೆ ಇರ್ಶಾಳವಾಡಿ ಎಂದಳು. ನಮಗೆ ಹೆಸರು ಗೊತ್ತಿತ್ತು. 2023ರ ಜುಲೈ 19ರ ರಾತ್ರಿ, ಎಡೆಬಿಡದ ಮಳೆಯಲ್ಲಿ, ಇರ್ಶಾಳಗಡದ ಮಗ್ಗುಲು ಕುಸಿದು ಆ ವಾಡಿಯ ಮೇಲೆ ಬಿತ್ತು. 27 ಶವ ಸಿಕ್ಕವು. ಇನ್ನೂ 57 ಜನ ಸಿಗಲೇ ಇಲ್ಲ, ಕೊನೆಗೆ ಹುಡುಕಾಟ ನಿಲ್ಲಿಸಿದರು. ಅವರೂ ಠಾಕರರೇ, ತಾಯಿಯ ನೆಂಟರೂ ಅವರಲ್ಲಿದ್ದರಂತೆ. ಆ ವಾಡಿಯ ಕೆಳಗೇ ಮೋರ್ಬೆಯ ನೀರು. ಬೆಟ್ಟದ ಮಳೆಯನ್ನು ನಾವು ಕೆಳಗೆ ಕುಡಿಯುತ್ತೇವೆ, ಆ ಮಳೆಯ ಭಯದಲ್ಲಿ ಮೇಲೆ ಅವರು ಮಲಗುತ್ತಾರೆ. ಪತ್ರಿಕೆಯಲ್ಲಿ ಓದುವಾಗ ನನಗೆ ಈ ಎರಡೂ ಒಂದೇ ನೀರು ಎಂದು ಹೊಳೆದಿರಲಿಲ್ಲ.

ನನಗೆ ಅಣೆಕಟ್ಟು ಎಂದರೆ ಹೊಟ್ಟೆ ಕಲಕುವುದಕ್ಕೆ ಕಾರಣವಿದೆ. ಶರಾವತಿಗೆ 1964ರಲ್ಲಿ ಕರೆಂಟಿಗಾಗಿ ಲಿಂಗನಮಕ್ಕಿ ಅಣೆ ಕಟ್ಟಿದಾಗ ಮುಳುಗಿದ ಊರುಗಳಲ್ಲಿ ನನ್ನ ಅಮ್ಮನ ತವರೂ ಒಂದು. ಅಜ್ಜಿ ಕೊನೆಯವರೆಗೂ ಕರೆಂಟು ದೀಪ ಹಚ್ಚುವಾಗ ಒಂದು ಕ್ಷಣ ಸುಮ್ಮನಾಗುತ್ತಿದ್ದಳು. ಮೋರ್ಬೆಗಾಗಿ ನೆಲ ಬಿಟ್ಟವರೂ ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ. ಈ ಮಾತನ್ನು ನಾನು ಗೆಳತಿಯರಿಗೆ ಲೋಕಲ್ಲಿನಲ್ಲಿ ಎಂದೂ ಹೇಳಿರಲಿಲ್ಲ, ಒಂದು ಗಂಟೆಯ ದಾರಿಯಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಬೆಟ್ಟದ ರಾತ್ರಿಗೆ ಆತುರವಿಲ್ಲ. ಗೆಳೆತನದಲ್ಲಿ ಹೀಗೆ ಒಂದು ರಾತ್ರಿಯನ್ನು ಕಾದುಕೊಂಡಿರುವ ಮಾತುಗಳು ಇರುತ್ತವೆ. ಅದಕ್ಕಾಗಿಯಾದರೂ ವರ್ಷಕ್ಕೊಮ್ಮೆ ಮನೆ ಬಿಟ್ಟು ಹೊರಗೆ ಮಲಗಬೇಕು.

ಬೆಳಗ್ಗೆ ರಥಸಪ್ತಮಿ. ಎಕ್ಕದ ಎಲೆಗಳನ್ನು ಸಿಸ್ಟರ್ ಹಿಂದಿನ ದಿನವೇ ಠಾಕೂರವಾಡಿಯ ಬಳಿ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ತಲೆಗೆ, ಭುಜಕ್ಕೆ ಎಲೆಯಿಟ್ಟು ಸ್ನಾನ ಮಾಡಬೇಕು. ತಾಯಿ ಒಂದು ಕೊಡ ನೀರು ತಂದಿಟ್ಟಳು. ಬೆಳಕು ಹರಿಯುವ ಮುಂಚೆ ಹೋಗಿ ತಲೆಯ ಮೇಲೆ ಹೊತ್ತು ತಂದದ್ದು. ಕೊಡದ ಬಾಯಿಗೆ ಮಡಚಿದ ಬಟ್ಟೆ ಕಟ್ಟಿದ್ದಳು, ನೀರಿನ ಜೊತೆ ಬಂದ ತರಗು ಒಳಗೆ ಹೋಗಬಾರದೆಂದು. ಅದರಿಂದ ಒಂದು ಸ್ಟೀಲಿನ ತಂಬಿಗೆಗೆ ಬಗ್ಗಿಸಿ, ಒಬ್ಬೊಬ್ಬರ ಕೈಗೆ ಒಂದೊಂದು ತಂಬಿಗೆ ಕೊಟ್ಟಳು, ಅಷ್ಟೇ. ನಾವು ಆ ತಂಬಿಗೆಯಲ್ಲೇ ಎಲೆ ತೋಯಿಸಿ, ಮುಖ ತೊಳೆದು, ಉಳಿದದ್ದನ್ನು ಅವಳ ಅಂಗಳದ ತುಳಸಿಗೆ ಎರೆದೆವು. ಮೋರ್ಬೆ ತುಂಬಿಸುವ ಬೆಟ್ಟಸಾಲಿನ ಮೇಲೆ ನೀರನ್ನು ಹೀಗೆ ಅಳೆದು ಕೊಡಬೇಕಾಗಿದೆ. ಬಂಡೆಯ ಇಳಿಜಾರಿನಲ್ಲಿ ಬಿದ್ದ ಮಳೆ ನಿಲ್ಲುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿದದ್ದೆಲ್ಲ ಕೆಳಗೆ ಓಡುತ್ತದೆ, ಫೆಬ್ರವರಿ ಹೊತ್ತಿಗೆ ಮೇಲೆ ಝರಿ ಸಣ್ಣಗಾಗುತ್ತದೆ. ಮಳೆಗೆ ಹತ್ತಿರ ಇರುವವರಿಗೆ ನೀರು ದೂರ.

ಸೂರ್ಯ ಹುಟ್ಟುವುದು ಪ್ರಬಳಗಡದ ಬೆನ್ನ ಹಿಂದೆ. ಆದ್ದರಿಂದ ಮಾಚಿಗೆ ಬಿಸಿಲು ತಡವಾಗಿ ಬರುತ್ತದೆ. ನಾವು ನೆರಳಿನಲ್ಲಿ ಚಳಿಗೆ ಮುದುಡಿ ನಿಂತಿದ್ದಾಗ ಮೊದಲ ಬೆಳಕು ಬಿದ್ದದ್ದು ದೂರದ ಖಾಡಿಯ ಅಂಚಿನ ಎತ್ತರದ ಕಟ್ಟಡಗಳ ಮೇಲೆ. ಬೆಟ್ಟದ ನೆರಳು ನಿಧಾನವಾಗಿ ಹಿಂದೆ ಸರಿಯುತ್ತ ಪನವೇಲನ್ನು ಬಿಟ್ಟಿತು, ಕೆಳಗಿನ ಹಳ್ಳಿಗಳನ್ನು ಬಿಟ್ಟಿತು, ಕೊನೆಗೆ ನಮ್ಮ ಪಾದದ ಬಳಿ ಬಂತು. ನಮ್ಮ ಮನೆಯ ಬಾಲ್ಕನಿಗೆ ಬಿಸಿಲು ಬಂದ ಮೇಲೆ ಅರ್ಘ್ಯ ಕೊಡುತ್ತಿದ್ದ ನಾವು, ಆ ಬಾಲ್ಕನಿಗೆ ಬಿಸಿಲು ಬಿದ್ದದ್ದನ್ನು ಬೆಟ್ಟದಿಂದ ಕಂಡು ಕೈಮುಗಿದೆವು.

ಇಳಿದು ಪನವೇಲಿಗೆ ಬಂದು ಅಂಧೇರಿ ಕಡೆಗಿನ ಲೋಕಲ್ ಹಿಡಿದರೆ ಕಿಂಗ್ಸ್ ಸರ್ಕಲ್ಲಿನಲ್ಲಿ ಇಳಿಯಬಹುದು. ಅಲ್ಲಿಂದ ಮಾಟುಂಗಾ ನಡಿಗೆಯ ದೂರ. ಬೆನ್ನಿನ ಚೀಲ, ಧೂಳು ಮೆತ್ತಿದ ಬೂಟು ಸಹಿತವೇ ಹೋದೆವು. ಹಬ್ಬದ ದಿನ ಮನೆಯಲ್ಲಿ ಅಡುಗೆಯಿಲ್ಲ, ಬಾಳೆಲೆ ಊಟ ಆಗಲೇಬೇಕು ಎಂದು ಬ್ಯಾಂಕ್ ಅಕ್ಕನ ಆಜ್ಞೆ. ಮಾಟುಂಗಾ ಸ್ಟೇಷನ್ನಿನ ಪಕ್ಕ, ಮಾರ್ಕೆಟ್ ಕಟ್ಟಡದ ಮಹಡಿಯ ಮೇಲೆ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. 1942ರಲ್ಲಿ ಶುರುವಾದದ್ದು. ಕ್ಯೂ ನಿಂತು, ಕೈತೊಳೆದು, ಎಲೆಯ ಮುಂದೆ ಕೂತಾಗ ಸಾರಿನ ಮೊದಲ ತುತ್ತಿಗೇ ಬೆಟ್ಟ ಇಳಿದ ಮೊಣಕಾಲು ನೋವು ಅರ್ಧ ಇಳಿಯಿತು. ಬಡಿಸುವವರು ತುಳುವಿನಲ್ಲಿ ಮಾತಾಡಿಸಿದರೆ ಬ್ಯಾಂಕ್ ಅಕ್ಕನ ಮುಖ ಅರಳುತ್ತದೆ, ಎರಡು ಸೌಟು ಹೆಚ್ಚು ಬೀಳುತ್ತದೆ.

ಅವರ ತಂದೆ ಮಲ್ಪೆಯಿಂದ ಹುಡುಗನಾಗಿ ಬಂದು ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಕಪ್ಪು ತೊಳೆದವರು. ಹಗಲು ಕೆಲಸ, ರಾತ್ರಿ ಕನ್ನಡ ನೈಟ್ ಸ್ಕೂಲು. ಕೆಲಸ ಮಾಡುವ ಹುಡುಗರಿಗೆ ನಮ್ಮ ಸಂಘಗಳು ನಡೆಸಿದ ಆ ರಾತ್ರಿಶಾಲೆಗಳಿಂದ ವಕೀಲರಾದವರಿದ್ದಾರೆ, ಪತ್ರಕರ್ತರಾದವರಿದ್ದಾರೆ, ಹೋಟೆಲಿನ ಮಾಲೀಕರಾದವರಿದ್ದಾರೆ. ಊಟದ ನಂತರ ಭಾವು ದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್ನಿನ ಮುಂದೆ ಒಂದು ಗಳಿಗೆ ನಿಂತೆವು. 1926ರಲ್ಲಿ ಹುಟ್ಟಿದ ಸಂಸ್ಥೆ, ನೂರು ವರ್ಷದ್ದು. ಅಲ್ಲಿಯ ನಾಟಕಗಳನ್ನು ನೋಡಲೆಂದು ಟೀಚರ್ ಮದುವೆಯಾದ ಹೊಸದರಲ್ಲಿ ಕುರ್ಲಾದಿಂದ ನಡೆದು ಬರುತ್ತಿದ್ದರಂತೆ. ಹೂವಿನ ಅಂಗಡಿ ಸಾಲಿನಲ್ಲಿ ಮಲ್ಲಿಗೆ ಕೊಂಡು ನಾಲ್ವರೂ ಮುಡಿದೆವು. ಬೂಟಿಗೂ ಮಲ್ಲಿಗೆಗೂ ಯಾರೂ ಬೆರಗಾಗಲಿಲ್ಲ. ಮುಂಬಯಿ ನನಗೆ ಇಷ್ಟವಾಗುವುದು ಅದಕ್ಕೇ.

ಹಿಂದಿರುಗುವ ದಾರಿ ಹಾರ್ಬರ್ ಲೈನೇ. ದೇಶದ ಮೊಟ್ಟಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಬೋರಿಬಂದರಿನಿಂದ ಕುರ್ಲಾಕ್ಕೆ ಓಡಿದ್ದು ಈ ಲೈನಿನಲ್ಲೇ. ಮಾನಖುರ್ದ್ ದಾಟಿ ಸೇತುವೆ ಹತ್ತಿದಾಗ ಬ್ಯಾಂಕ್ ಅಕ್ಕ ಎಲ್ಲರನ್ನೂ ಬಾಗಿಲ ಕಡೆ ಕರೆದರು. ಖಾಡಿಯ ಕೆಸರಿನ ಮೇಲೆ ನೀರು ಏರುತ್ತಿತ್ತು, ಅಲ್ಲಲ್ಲಿ ತಿಳಿಗುಲಾಬಿ ಚುಕ್ಕೆಗಳು. ಠಾಣೆ ಖಾಡಿಯ ಒಂದು ಭಾಗ 2015ರಿಂದ ರಾಜಹಂಸಗಳ ಅಭಯಾರಣ್ಯ, 2022ರಿಂದ ರಾಮ್ಸಾರ್ ಪಟ್ಟಿಯ ಜೌಗು. “ಇವತ್ತು ಸಪ್ತಮಿ ಅಲ್ವಾ? ಏಳರ ಮುಕ್ಕಾಲು ಐದೂಕಾಲು. ಐದೂಕಾಲಿಗೆ ಉಬ್ಬರ. ಈಗ ಹೋದರೆ ಕೆರೆಯಲ್ಲಿ ಹಕ್ಕಿ ಸಿಗುತ್ತದೆ” ಎಂದರು. ಬ್ಯಾಂಕಿನ ಲೆಕ್ಕವಲ್ಲ ಇದು, ಕಡಲಿನ ಮಕ್ಕಳ ಲೆಕ್ಕ. ಅಮಾವಾಸ್ಯೆ, ಹುಣ್ಣಿಮೆಯ ದಿನ ಮುಂಬಯಿಯಲ್ಲಿ ಉಬ್ಬರ ಬರುವುದು ಹೆಚ್ಚುಕಡಿಮೆ ಹನ್ನೆರಡು ಗಂಟೆಗೆ. ಅಲ್ಲಿಂದ ದಿನಕ್ಕೆ ಮುಕ್ಕಾಲು ಗಂಟೆಯಂತೆ ಅದು ಮುಂದೆ ಹೋಗುತ್ತದೆ. ಹಾಗಾಗಿ ತಿಥಿಯ ಮುಕ್ಕಾಲು ತೆಗೆದರೆ ಗಂಟೆ ಸಿಗುತ್ತದೆ. ಕೇಳುಗರು ಕ್ಯಾಲೆಂಡರ್ ತೆಗೆದು ನೋಡಬಹುದು.

ಉಬ್ಬರಕ್ಕೂ ಕೆರೆಗೂ ಏನು ಸಂಬಂಧ ಎಂದು ಕೇಳುವಿರಿ. ರಾಜಹಂಸ ಮೇಯುವುದು ಇಳಿತದ ಹೊತ್ತಿನಲ್ಲಿ, ಖಾಡಿಯ ಕೆಸರುಬಯಲಿನಲ್ಲಿ. ಉಬ್ಬರ ಬಂದು ಕೆಸರು ಮುಳುಗಿದರೆ ಅವಕ್ಕೆ ನಿಲ್ಲಲು ತೆಳುನೀರಿನ ಜಾಗ ಬೇಕು. ನೆರೂಳಿನ ಡಿಪಿಎಸ್ ಕೆರೆ, ನಾವಿಕರ ತರಬೇತಿ ಸಂಸ್ಥೆ ಟಿ. ಎಸ್. ಚಾಣಕ್ಯದ ಹಿಂದಿನ ಜೌಗು, ಎನ್‌ಆರ್‌ಐ ಕಾಲನಿಯ ಬಳಿಯ ಜೌಗು ಆ ಜಾಗಗಳು. ಕಛ್ ಕಡೆಯಿಂದ ಚಳಿಗಾಲಕ್ಕೆ ಬಂದು ಮೇ ತಿಂಗಳವರೆಗೂ ಇರುವ ಹಕ್ಕಿಗಳಿಗೆ ಈ ಮೂರೂ ಇಲ್ಲದಿದ್ದರೆ ಖಾಡಿಯಷ್ಟೇ ಇದ್ದು ಪ್ರಯೋಜನವಿಲ್ಲ.

ನಾವು ಹೋದಾಗ ಡಿಪಿಎಸ್ ಕೆರೆಯಲ್ಲಿ ಒಂದು ಹಿಂಡು ಇತ್ತು. ದಂಡೆಗೆ ಹತ್ತಿರವೇ ಒಂದು ಹಕ್ಕಿ. ಉದ್ದ ಕತ್ತನ್ನು ಕೆಳಗೆ ಬಾಗಿಸಿ, ಕೊಕ್ಕನ್ನು ತಲೆಕೆಳಗಾಗಿ ನೀರಿಗೆ ಇಳಿಸಿತ್ತು. ಒಂದೇ ಜಾಗದಲ್ಲಿ ಕಾಲು ತುಳಿಯುತ್ತ ಸುತ್ತುತ್ತಿತ್ತು, ಕೆಳಗಿನ ಕೆಸರು ಏಳಲೆಂದು. ಎದ್ದ ಕೆಸರಿನಿಂದ ಪಾಚಿ, ಸಣ್ಣ ಜೀವಿಗಳನ್ನು ಕೊಕ್ಕು ಸೋಸಿಕೊಳ್ಳುತ್ತದೆ. ಆ ಪಾಚಿಯ ಬಣ್ಣವೇ ಗರಿಗೆ ಬರುವ ಗುಲಾಬಿ. ಎಳೆಯ ಹಕ್ಕಿಗಳಿಗೆ ಅದು ಇನ್ನೂ ಹತ್ತಿರುವುದಿಲ್ಲ, ಬೂದಿ ಬಣ್ಣದಲ್ಲಿರುತ್ತವೆ. ಸಿಸ್ಟರ್ ಅವನ್ನು ಬೇರೆಬೇರೆ ಎಣಿಸುತ್ತ ಕೂತರು.

ಈ ಕೆರೆಗೆ ಖಾಡಿಯ ನೀರು ಬಂದು ಹೋಗುವ ದಾರಿ ಕಟ್ಟಿಕೊಂಡದ್ದರಿಂದ 2024ರಲ್ಲಿ ನೀರು ಬತ್ತಿ, ಕೊಳೆತು, ರಾಜಹಂಸಗಳು ಸತ್ತವು. ಹಕ್ಕಿ ಪ್ರೇಮಿಗಳು, ಇಲ್ಲಿಯ ನಿವಾಸಿಗಳು ದನಿಯೆತ್ತಿದರು. ಅದರ ಫಲವಾಗಿ ರಾಜ್ಯದ ವನ್ಯಜೀವಿ ಮಂಡಳಿ 2025ರಲ್ಲಿ ಕೆರೆಯನ್ನು ಸಂರಕ್ಷಿತ ಮೀಸಲು ಮಾಡಲು ಒಪ್ಪಿತು. ಒಪ್ಪಿದ್ದು ಸಂತೋಷ. ದಾರಿ ತೆರೆದೇ ಇರುವಂತೆ ನೋಡಿಕೊಳ್ಳುವುದು ದಿನನಿತ್ಯದ ಕೆಲಸ, ಅದಕ್ಕೆ ಇಲ್ಲಿಯವರ ಕಣ್ಣು ಬೇಕು. ನವಿ ಮುಂಬಯಿಯ ಬಹಳಷ್ಟು ಭಾಗ ಕಟ್ಟಿದ್ದು ತಗ್ಗು ನೆಲದಲ್ಲಿ. ಮಳೆ ಮತ್ತು ಉಬ್ಬರ ಒಟ್ಟಿಗೆ ಬಂದರೆ ಊರಿನೊಳಗೆ ನೀರು ನುಗ್ಗದಿರಲೆಂದು ಹೋಲ್ಡಿಂಗ್ ಪಾಂಡುಗಳನ್ನೂ, ಉಬ್ಬರಕ್ಕೆ ತಾನಾಗಿ ಮುಚ್ಚುವ ಕದಗಳನ್ನೂ ಇಟ್ಟಿದ್ದಾರೆ. ಮೋರ್ಬೆಯಿಂದ ಮನೆಗೆ ಬಂದ ನೀರು ಬಚ್ಚಲಿನಿಂದ ಶುದ್ಧೀಕರಣ ಘಟಕಕ್ಕೆ ಹೋಗಿ, ಉಳಿದದ್ದು ಈ ಖಾಡಿಯನ್ನೇ ಸೇರುತ್ತದೆ. ತಾಯಿಯ ಬೆಟ್ಟಸಾಲಿನಲ್ಲಿ ಬಿದ್ದ ಮಳೆ, ಟೀಚರ್ ಮನೆಯ ಅಕ್ಕಿ ತೊಳೆದ ನೀರು, ಈ ಹಕ್ಕಿಯ ಕಾಲ ಕೆಳಗಿನ ಕೆಸರು ಒಂದೇ ಹರಿವಿನಲ್ಲಿವೆ. ಅದರ ಈ ತುದಿಯಲ್ಲಿ ಮನೆ ಮಾಡಿದವರು ಆ ತುದಿಯಲ್ಲಿ ಒಂದು ರಾತ್ರಿ ಮಲಗಿ ಬರಬೇಕೆಂದು ನಾನು ಮನಸಾರೆ ಹೇಳುತ್ತಿದ್ದೇನೆ. ಮಳೆಗಾಲದಲ್ಲಿ ಬೇಡ. ಬೆಟ್ಟ ಜಾರುತ್ತದೆ, ಅರಣ್ಯ ಇಲಾಖೆಯವರು ಕೆಲವೊಮ್ಮೆ ದಾರಿಯನ್ನೂ ಮುಚ್ಚುತ್ತಾರೆ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಒಳ್ಳೆಯ ಕಾಲ. ಟಾರ್ಚು, ಕಂಬಳಿ, ಕುಡಿಯುವ ನೀರು ನಿಮ್ಮದೇ ಇರಲಿ, ಅವರ ಕೊಡಕ್ಕೆ ಕೈಹಾಕುವುದು ಬೇಡ. ತಿಂದ ಪೊಟ್ಟಣಗಳನ್ನು ಕೆಳಗೆ ಹೊತ್ತು ತನ್ನಿ. ಊಟದ ಹಣವನ್ನು ಆ ಮನೆಯ ಹೆಂಗಸಿನ ಕೈಗೇ ಕೊಡಿ.

ಬೆಟ್ಟದಿಂದ ಹೊರಡುವಾಗ ಟೀಚರ್ ತಾಯಿಯನ್ನು, ನೀನು ನೆರೂಳಿಗೆ ಬಂದಿದ್ದೀಯಾ ಎಂದು ಕೇಳಿದ್ದರು. ಪನವೇಲ್ ಸಂತೆಯಿಂದ ಈಚೆಗೆ ಬಂದಿಲ್ಲ, ಗುಲಾಬಿ ಹಕ್ಕಿಯ ವಿಷಯ ಮಗಳ ಶಾಲೆಯ ಪುಸ್ತಕದಲ್ಲಿ ಕೇಳಿದ್ದೇನೆ ಎಂದಿದ್ದಳು. ಹಾಗಾದರೆ ಬಾ, ಮಗಳನ್ನೂ ಕರೆದುಕೊಂಡು ಬಾ ಎಂದು ನಾಲ್ವರೂ ಒತ್ತಾಯ ಮಾಡಿ ಬಂದೆವು. ಮೊನ್ನೆ ಫೋನು ಬಂತು, ಬರುತ್ತಾಳಂತೆ. ಬ್ಯಾಂಕ್ ಅಕ್ಕ ಕ್ಯಾಲೆಂಡರ್ ನೋಡಿ ತ್ರಯೋದಶಿಯ ದಿನ ಗೊತ್ತು ಮಾಡಿದ್ದಾರೆ. ಹದಿಮೂರರ ಮುಕ್ಕಾಲು ಒಂಬತ್ತೂಮುಕ್ಕಾಲು, ಬೆಳಗ್ಗೆ ಒಂಬತ್ತಕ್ಕೇ ಕೆರೆಯ ದಂಡೆಯಲ್ಲಿರಬೇಕು. ಪನವೇಲಿನಿಂದ ಅವರನ್ನು ಕರೆತರುವುದು ಸಿಸ್ಟರ್, ರಾತ್ರಿ ಉಳಿಯುವುದು ನಮ್ಮ ಮನೆಯಲ್ಲಿ. ಜೋಳದ ಹಿಟ್ಟನ್ನು ಟೀಚರ್ ಊರಿನಿಂದ ತರಿಸಿದ್ದಾರೆ, ರೊಟ್ಟಿ ಬಡಿಯುವುದನ್ನು ಈ ಸಲ ಸರಿಯಾಗಿ ಕಲಿಸಲು.